ಚೌಕಾಬಾರ: ಕಾಯಿ ನಡೆಸುವ ನಿಯಮಗಳ ಇತ್ಯರ್ಥ ಹೇಗೆ?

ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳೂ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಬಳಿಕ ಬಂದ ತೆಲುಗು ರೈತರೂ, ಊರಿನ ಕನ್ನಡಿಗರೂ ನೆರೆಹೊರೆಯಾಗಿರುವುದರಿಂದ, ತೆಲುಗರು ಅಷ್ಟಾಚೆಮ್ಮ ಎನ್ನುವ ಚೌಕಾಬಾರಕ್ಕೆ ಬೇರೆ ಬೇರೆ ವಾಡಿಕೆಯವರು ಒಟ್ಟಿಗೆ ಕೂರುವುದು ಸಹಜ. ಆದ್ದರಿಂದ ಮನೆಗೊಂದರಂತೆ ಬದಲಾಗುವ ನಿಯಮಗಳನ್ನು ಮೊದಲ ಗರಕ್ಕೆ ಮುನ್ನವೇ ಇತ್ಯರ್ಥಪಡಿಸಿಕೊಳ್ಳಬೇಕು.

ಮೊದಲನೆಯದು ದಾರಿಯ ಎಣಿಕೆ. 25 ಮನೆಗಳ ಮಣೆಯಲ್ಲಿ ಕಾಯಿಯು ಅಂಚಿನ ನಡುವೆ ಗೀಟು ಹಾಕಿದ ತನ್ನ ಕಟ್ಟೆಯಿಂದ ಹೊರಟು, ಹೊರಸುತ್ತಿನ 15 ಮನೆಗಳನ್ನು ಅಪ್ರದಕ್ಷಿಣವಾಗಿಯೂ ಒಳಸುತ್ತಿನ 8 ಮನೆಗಳನ್ನು ಪ್ರದಕ್ಷಿಣವಾಗಿಯೂ ದಾಟಿ, 24ನೆಯ ಹೆಜ್ಜೆಗೆ ನಡುಮನೆಯಲ್ಲಿ ಹಣ್ಣಾಗುತ್ತದೆ. ನಾಲ್ಕು ಕವಡೆಗಳಲ್ಲಿ ಬಾಯಿ ಮೇಲಾದವುಗಳ ಸಂಖ್ಯೆಯೇ ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಮಗುಚಿದರೆ 8ರ ಬಾರ, ಈ ಎರಡಕ್ಕೂ ಮರುಗರವುಂಟು.

ಹೆಚ್ಚಿನ ತಕರಾರು ಒಳಸುತ್ತಿನ ಬಾಗಿಲಲ್ಲೇ ಏಳುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವರಿಗೆ, ಅಂದರೆ ಅದನ್ನು ಅದರ ಕಟ್ಟೆಗೆ ಹಿಂದಿರುಗಿಸದವರಿಗೆ, ಒಳಪ್ರವೇಶವಿಲ್ಲ ಎಂಬುದು ವ್ಯಾಪಕ ವಾಡಿಕೆ. 12ನೆಯ ಹೆಜ್ಜೆಯಲ್ಲಿರುವ ಕಾಯಿಗೆ ಬಾರ ಬಿದ್ದಿತೆನ್ನೋಣ. ಕಡಿದವರಿಗೆ ಅದು ಒಳಸುತ್ತಿನ ಐದನೆಯ ಮನೆ. ಕಡಿಯದವರ ಕಾಯಿ ನಿಂತಲ್ಲೇ ನಿಲ್ಲಬೇಕೆಂದು ಕೆಲವರೂ, ಹೊರಸುತ್ತನ್ನೇ ಮತ್ತೆ ಸುತ್ತಬೇಕೆಂದು ಕೆಲವರೂ ವಾದಿಸುತ್ತಾರೆ. ಎರಡನೆಯ ಅರ್ಥವೇ ಮೇಲು. ಏಕೆಂದರೆ ಸುತ್ತುವ ಕಾಯಿಗೆ ಕಡಿಯುವ ಅವಕಾಶವೂ ಕಡಿಸಿಕೊಳ್ಳುವ ಅಪಾಯವೂ ಉಳಿದು ಆಟ ಜೀವಂತವಾಗಿರುತ್ತದೆ. ಹಾಗೆ ಎಣಿಸಿದರೆ ಆ ಕಾಯಿ ತನ್ನ ಕಟ್ಟೆಯನ್ನು ದಾಟಿ ಬಲಬದಿಯವರ ಕಟ್ಟೆಗೆ ಬರುತ್ತದೆ. ಕಟ್ಟೆಯಲ್ಲಿ ಕಡಿತವಿಲ್ಲದ ಕಾರಣ ಅಲ್ಲಿ ಅದು ಕ್ಷೇಮ.

ಒಂದೇ ಸರದಿಯಲ್ಲಿ ಬಾರವೂ ಅದರ ಮರುಗರವಾಗಿ ಮೂರೂ ಬಿದ್ದು, ಮೂರರಿಂದ ಒಂದು ಕಾಯಿಯನ್ನು ಕಡಿಯಬಹುದಾದರೆ, ಮೊದಲು ಮೂರನ್ನು ನಡೆಸಿ, ಕಡಿದ ಕ್ಷಣದಲ್ಲೇ ದೊರೆತ ಹಕ್ಕಿನಿಂದ ಬಾರವನ್ನು ಒಳಸುತ್ತಿಗೆ ಬಳಸುವುದು ನ್ಯಾಯವೇ. ಆದರೆ ಗರಗಳನ್ನು ಕೂಡಿಟ್ಟು ಬೇಕಾದ ಕ್ರಮದಲ್ಲಿ ನಡೆಸಬಹುದೆಂಬ ಒಪ್ಪಂದ ಮೊದಲೇ ಆಗಿರಬೇಕು.

ಕೊನೆಯದು ಗಟ್ಟಿ: ಒಳಸುತ್ತಿನ ಒಂದೇ ಮನೆಯಲ್ಲಿ ಸೇರಿದ ಒಬ್ಬರದೇ ಎರಡು ಕಾಯಿಗಳು. ಇದನ್ನು ಒಂಟಿ ಕಾಯಿ ಕಡಿಯಲಾರದು, ದಾಟಲಾರದು; ಗಟ್ಟಿಯು ಜೊತೆಯಾಗಿ ನಡೆಯುವಾಗ ಸಮಸಂಖ್ಯೆಯ ಗರದ ಅರ್ಧದಷ್ಟು, ಅಂದರೆ ಚೌಕಕ್ಕೆ ಎರಡು ಮನೆ, ಮುಂದೆ ಹೋಗುತ್ತದೆ. ಒಡೆಯನು ಗಟ್ಟಿಯನ್ನು ಬಿಡಿಸದೆ ಕುಳಿತು ಉಳಿದವರ ದಾರಿ ಪೂರ್ತಿ ಕಟ್ಟಿಹೋಗುವ ಸಂದರ್ಭಕ್ಕಾಗಿ, ಬೇರೆ ಕಾಯಿಗೆ ನಡೆಯಿಲ್ಲದಾಗ ಗಟ್ಟಿಯನ್ನು ಒಡೆದು ಒಂದು ಕಾಯಿಯನ್ನು ನಡೆಸಲೇಬೇಕೆಂದು ಗೊತ್ತುಮಾಡಿಕೊಳ್ಳುವುದು ಉಚಿತ.