ಮಕ್ಕಳಿಗೆ ಉಪಕಾರಸ್ಮರಣೆಯ ಪಾಠ

(ಆದಿತ್ಯವಾರದ ಶಾಲೆಯ ಉಪಾಧ್ಯಾಯರಿಗೂ ತಂದೆತಾಯಿಗಳಿಗೂ)

ಓದತಕ್ಕ ಭಾಗ: ಲೂಕ 17ನೆಯ ಅಧ್ಯಾಯ, 11ರಿಂದ 19ರ ವರೆಗೆ.

ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದರು. ಹಿಂದಿರುಗಿ ಬಂದವನು ಒಬ್ಬನೇ, ಅವನೂ ಪರರೆಣಿಸಿದ ಸಮಾರ್ಯದವನು. ಈ ಕಥೆಯನ್ನು ಹೇಳಿ, ನೀವೂ ಆ ಒಬ್ಬನ ಹಾಗಿರಬೇಕೆಂದು ಮುಗಿಸಿಬಿಡುವದು ವಾಡಿಕೆ. ಮಕ್ಕಳು ಆಗಲಿ ಅನ್ನುವರು. ಮನೆಗೆ ಹೋಗಿ ಸಾರು ಸಾಲದೆಂದು ತಾಯಿಯ ಮೇಲೆ ಸಿಡುಕುವರು. (ಕುಷ್ಠವು ಈಗ ಆರು ಇಲ್ಲವೆ ಹನ್ನೆರಡು ತಿಂಗಳ ಔಷಧದಿಂದ ಗುಣವಾಗುವ ರೋಗವೆಂಬದನ್ನೂ ಜೊತೆಯಲ್ಲೇ ಹೇಳಿರಿ, ಊರಿನ ಯಾವ ರೋಗಿಯನ್ನೂ ಮಕ್ಕಳು ಅಸಹ್ಯಪಡಬಾರದು.)

ಕೃತಜ್ಞತೆ ಎಂಬ ಪದವನ್ನು ಬಿಡಿಸಿ ನೋಡೋಣ. ಕೃತ ಅಂದರೆ ಮಾಡಲ್ಪಟ್ಟದ್ದು. ಜ್ಞ ಅಂದರೆ ಅರಿತವನು. ತನಗೋಸ್ಕರ ಏನು ಮಾಡಲ್ಪಟ್ಟಿತೆಂದು ಅರಿಯದ ಮಗುವು ವಂದನೆ ಹೇಳಿದರೂ ಅದು ಗಿಳಿಪಾಠವೇ. ಈ ಅರಿವನ್ನು ಒಬ್ಬೊಬ್ಬರಿಗೆ ಬೋಧಿಸುವದಕ್ಕಿಂತ ಗುಂಪಿನಲ್ಲಿ ಹುಡುಕಿಸುವದು ಲೇಸು. ಯಾಕಂದರೆ ಒಬ್ಬನಿಗೆ ಹೊಳೆಯದ್ದು ಇನ್ನೊಬ್ಬನಿಗೆ ಹೊಳೆಯುವದು.

ನಾವು ಮಾಡಿಸುವ ಕ್ರಮವಿದು. ಒಂದು ತಟ್ಟೆಯಲ್ಲಿ ರಾಗಿಮುದ್ದೆಯನ್ನಿಟ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸುವೆವು. ತಟ್ಟೆಯ ಬಳಿಯ ಮಗುವು ಮುದ್ದೆ ತೊಳಸಿದವರನ್ನು ಹೇಳಬೇಕು. ಎರಡನೆಯದು ಹಿಟ್ಟು ಮಾಡಿಕೊಟ್ಟ ಗಿರಣಿಯವನನ್ನು. ಹೀಗೆಯೇ ಹಿಂದಕ್ಕೆ, ಕಣದಲ್ಲಿ ಒಕ್ಕಣೆ ಮಾಡಿದವರು, ಕೊಯ್ದವರು, ಕಳೆ ಕಿತ್ತವರು, ಬಿತ್ತಿದವನು, ಕೂರಿಗೆಯನ್ನು ಮಾಡಿದ ಬಡಗಿ, ಕುಡುಗೋಲು ತಟ್ಟಿದ ಕಮ್ಮಾರ. ರೈತರು ಎಂದರೆ ಸಾಲದು. ಊರಲ್ಲಿರುವವರ ಹೆಸರನ್ನೇ ಹೇಳಬೇಕು. ಕಳೆ ಕಿತ್ತವರ ಸರದಿ ಬಂದಾಗ ಮಕ್ಕಳು ತಡವರಿಸುವರು, ಕೂಲಿಯ ಹೆಂಗಸರ ಹೆಸರನ್ನು ಯಾರೂ ಕೇಳಿಟ್ಟುಕೊಂಡಿರುವದಿಲ್ಲ. ಕೆಲವು ವೇಳೆ ಆ ಹೆಂಗಸಿನ ಮಗುವೇ ಸಾಲಿನಲ್ಲಿ ನಿಂತಿರುವದು. "ನಮ್ಮವ್ವ" ಎಂದು ಅದು ತಲೆಯೆತ್ತಿ ಹೇಳುವದನ್ನು ನೀವು ಕೇಳಬೇಕು. ಸಾಲಿನ ಕೊನೆಯಲ್ಲಿ ಮಳೆಯೂ ಬೀಜದೊಳಗಣ ಮೊಳಕೆಯೂ ಉಳಿಯುವವು. ಅವುಗಳಿಗೆ ಊರಿನವರ ಹೆಸರು ಸಿಕ್ಕುವದಿಲ್ಲ. ಯಾರ ಹೆಸರೆಂದು ಮಕ್ಕಳೇ ಹೇಳುವರು.

ಆ ವಾರದೊಳಗೆ, ಹೆಸರಿಸಿದವರಲ್ಲಿ ಒಬ್ಬರ ಮನೆಗೆ ಮಕ್ಕಳೆಲ್ಲರೂ ಕೂಡಿ ಹೋಗಲಿ. ಧನ್ಯವಾದವೆಂಬದು ಹಳ್ಳಿಯ ನಾಲಿಗೆಗೆ ಒಗ್ಗದ ಮಾತು, ಕೇಳಿದವರು ನಗುವರು. "ನಿಮ್ಮಿಂದ ನಮಗೆ ಉಪಕಾರವಾಯಿತಮ್ಮ" ಎಂದು ಹೇಳಿ, ಎರಡು ಕೊಡ ನೀರು ತಂದುಹಾಕಿ ಬಂದರೆ ಸಾಕು.

ಇನ್ನು ಕಾಣಿಕೆಯ ವಿಷಯ. ಮಿಜೋರಾಮಿನ ಸಭೆಗಳ ಹೆಂಗಸರು ಅಡಿಗೆಗೆ ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ಬೇರೆಯಾಗಿ ತೆಗೆದಿಡುವ ಪದ್ಧತಿಯನ್ನು 1910ರಲ್ಲಿ ಆರಂಭಿಸಿದರು. ಅದಕ್ಕೆ ಬುಹ್‌ಫೈ ಥಾಮ್ ಎಂದು ಹೆಸರು. ಮಕ್ಕಳಿಂದಲೂ ಹಿಡಿಧಾನ್ಯವನ್ನು ಕೂಡಿಸಿ, ಊರಿನಲ್ಲಿ ಕಷ್ಟದಲ್ಲಿರುವ ಮನೆಗೆ ಕೊಡಿಸಬಹುದು. ಆದರೆ ಅಳೆಯಬೇಡಿರಿ, ಹೆಸರನ್ನು ಓದಬೇಡಿರಿ. ಬಾಯಿ ಕಿರಿದಾದ ಗಡಿಗೆಯನ್ನಿಟ್ಟು, ಪ್ರತಿಯೊಬ್ಬರೂ ಮುಷ್ಟಿ ಮುಚ್ಚಿಕೊಂಡೇ ಕೈಹಾಕಲಿ. ತುಂಬಿದ ಕೈಯೋ ಬರಿಗೈಯೋ ಯಾರಿಗೂ ತಿಳಿಯದು. ಪಡೆದವರನ್ನು ತೋರಿಸಿ, ನಾವು ಇವರ ಹಾಗಿಲ್ಲವಲ್ಲಾ ಎಂದು ಸ್ತೋತ್ರಮಾಡಿಸುವದಂತೂ ಫರಿಸಾಯನ ಪ್ರಾರ್ಥನೆ. ಅದನ್ನು ಕಲಿಸುವದಕ್ಕಿಂತ ಪಾಠವನ್ನು ಬಿಟ್ಟುಬಿಡುವದು ಉತ್ತಮ.

ಹಾಡುವ ಮಕ್ಕಳಿಗೆ 136ನೆಯ ಕೀರ್ತನೆಯ ಮಾದರಿಯು ಒಪ್ಪುವದು. ಅದರ 26 ವಚನಗಳಲ್ಲಿಯೂ ಪಲ್ಲವಿಯೊಂದೇ. ಒಂದು ಮಗುವು ತನ್ನ ಊರಿನ ಬಾವಿಯನ್ನೋ ಎಮ್ಮೆಯನ್ನೋ ಶಾಲೆಯ ಬಿಸಿಯೂಟವನ್ನೋ ಹೇಳಲಿ, ಮಿಕ್ಕವರೆಲ್ಲರೂ ಪಲ್ಲವಿಯಿಂದ ಉತ್ತರಕೊಡಲಿ.

ಗುಂಪಿನಲ್ಲಿ ಈಚೆಗೆ ತಂದೆಯನ್ನೋ ತಾಯಿಯನ್ನೋ ಕಳಕೊಂಡ ಮಗುವಿದ್ದರೆ ಅದರ ಬಾಯಿಂದ ಸ್ತೋತ್ರವನ್ನು ಬಲವಂತವಾಗಿ ಹೊರಡಿಸಬೇಡಿರಿ. ಅದೇ ಪುಸ್ತಕದಲ್ಲಿ ಕತ್ತಲೆಯಲ್ಲಿಯೇ ಮುಗಿಯುವ 88ನೆಯ ಕೀರ್ತನೆಯೂ ಇದೆ. ಅಂಥ ಮಗುವಿನ ಸರದಿ ಬಂದಾಗ ಉಪಾಧ್ಯಾಯನು ಅದನ್ನು ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಏನೂ ಕೇಳದೆ ಮುಂದಿನವರ ಕಡೆಗೆ ತಿರುಗಲಿ.