ಜಿಮ್ ಇಲ್ಲದ ಶಾಲೆಯ ಪೀಟಿ ಪಿರಿಯಡ್

ಬೆಟ್ಟದಪುರದ ಮಕ್ಕಳ ಕಾಲಿಗೆ ಕಸುವು ಕಡಿಮೆಯೇನಿಲ್ಲ. ಊರಿಗೆ ಅಂಟಿಕೊಂಡೇ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವಿದೆ, ಹತ್ತಲು ಮೂರು ಸಾವಿರಕ್ಕೂ ಮೀರಿದ ಮೆಟ್ಟಿಲು. ತೊಡಕಿರುವುದು ಶಾಲೆಯ ಆಟದ ಪಿರಿಯಡ್‌ನಲ್ಲಿ. ಒಂದು ಚೆಂಡು ಎಸೆದು ‘ಆಡ್ಕೊಳ್ರೋ’ ಅಂದುಬಿಟ್ಟರೆ ಗಟ್ಟಿಗರು ಹತ್ತು ಜನ ಆಡುತ್ತಾರೆ, ಉಳಿದವರು ಮರದಡಿ ಸೇರುತ್ತಾರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಜಿಮ್ ಹಾಲ್ ಬೇಕಿಲ್ಲ. ಬಯಲು, ಸುಣ್ಣದ ಪುಡಿ, ಒಂದು ಬಟ್ಟೆ ಚೆಂಡು, ಜೊತೆಗೆ ಒಂದೇ ಒಂದು ಕಟ್ಟಳೆ ಇದ್ದರೆ ಆಯಿತು: ಔಟ್ ಆದವರು ಸುಮ್ಮನೆ ಕೂರಬಾರದು. ಮೊದಲು ಔಟ್ ಆಗುವ ಮಗುವಿಗೇ ಓಟ ಹೆಚ್ಚು ಬೇಕಿರುವುದು.

ಹಂತ 1: ನೆಲ ನೋಡಿ

ಆಡುವ ಮೊದಲು ಮಕ್ಕಳನ್ನೇ ಸಾಲಾಗಿ ನಡೆಸಿ, ಕಲ್ಲು, ಗಾಜಿನ ಚೂರು ಆರಿಸಿ. ನೆಗ್ಗಿಲು ಮುಳ್ಳನ್ನು ಬಳ್ಳಿ ಸಮೇತ ಕೀಳಿಸಿ. ಒಂದು ಮುಳ್ಳು ಉಳಿದರೂ ಆಟ ಅಲ್ಲಿಗೆ ನಿಂತ ಹಾಗೆ. ಹವಾಯಿ ಚಪ್ಪಲಿ ಹಾಕಿ ಓಡುವುದು ಬೇಡ. ಬೂಟು ಇಲ್ಲದಿದ್ದರೆ ಬರಿಗಾಲೇ ವಾಸಿ. ಬಿಸಿಯೂಟ ಮುಗಿದ ತಕ್ಷಣ ಓಡಿಸಬೇಡಿ.

ಹಂತ 2: ಜೋಡಿ ಕಟ್ಟಿಸಿ

ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸುತ್ತಾ ಹೋದರೆ ಕೊನೆಗೆ ಉಳಿಯುವ ಮಗುವಿನ ಮುಖ ನೋಡಲಾಗುವುದಿಲ್ಲ. ನಮ್ಮ ಹಳ್ಳಿಗಳ ಹಳೆಯ ಉಪಾಯವೇ ಚೆಂದ. ಎತ್ತರದಲ್ಲಿ, ಬಲದಲ್ಲಿ ಸರಿಸಮ ಇರುವ ಇಬ್ಬರು ಹೆಗಲ ಮೇಲೆ ಕೈಹಾಕಿ ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು ಕೇಳುತ್ತಾರೆ: ‘ಸೂರ್ಯ ಬೇಕಾ, ಚಂದ್ರ ಬೇಕಾ?’ ನಾಯಕ ಹೆಸರು ಕೇಳುತ್ತಾನೆ, ಸಿಕ್ಕವರು ಅವನ ತಂಡ. ತಂಡಗಳೂ ಸಮ, ಯಾರಿಗೂ ಮುಖಭಂಗವಿಲ್ಲ. ತೀರಾ ಚಿಕ್ಕವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳಿ. ಎರಡನೇ ವಾರದಿಂದ ಅವರೂ ಲೆಕ್ಕಕ್ಕಿರಲಿ.

ಹಂತ 3: ಕೆರೆ–ದಡ, ಐದು ನಿಮಿಷ

ಉದ್ದ ಗೆರೆಯೊಂದನ್ನು ಎಳೆಯಿರಿ. ಒಂದು ಬದಿ ಕೆರೆ, ಇನ್ನೊಂದು ದಡ. ನೀವು ಕೂಗಿದ ಬದಿಗೆ ಎರಡೂ ಕಾಲು ಜೋಡಿಸಿ ಹಾರಬೇಕು. ಬೇಕಿದ್ದರೆ ‘ಬೆಟ್ಟ–ಬಯಲು’ ಅನ್ನಿ, ಇಲ್ಲಿನ ಮಕ್ಕಳಿಗೆ ಅದೇ ಹತ್ತಿರ. ‘ದಡ, ದಡ, ದಡ’ ಎನ್ನುತ್ತಿದ್ದು ಮತ್ತೊಮ್ಮೆ ‘ದಡ’ ಅಂದರೆ ಅರ್ಧ ಸಾಲು ಕೆರೆಗೆ ಬಿದ್ದಿರುತ್ತದೆ! ತಪ್ಪಿದವರು ಬಯಲಿಗೊಂದು ಸುತ್ತು ಓಡಿಬಂದು ಮತ್ತೆ ಗೆರೆಗೆ ನಿಲ್ಲಲಿ.

ಹಂತ 4: ಖೋ ಖೋ, ನಿಧಾನವಾಗಿ

ನನ್ನ ಕೇಳಿದರೆ ಪಿರಿಯಡ್‌ನ ಅರ್ಧ ಇದಕ್ಕೇ ಮೀಸಲಿಡಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನ ಮಹಿಳಾ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಮಕ್ಕಳಿಗೆ ಇದನ್ನು ಮೊದಲೇ ಹೇಳಿ, ಕಣ್ಣು ಅರಳುತ್ತವೆ.

ಪಂದ್ಯದ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಕಲಿಕೆಗೆ ಅದರ ಅರ್ಧ ಸಾಕು. ತುದಿಗಳಲ್ಲಿ ಕಂಬ ನೆಡಬೇಡಿ, ಸುಣ್ಣದ ವೃತ್ತ ಬರೆಯಿರಿ. ಕಂಬಕ್ಕೆ ಹಣೆ ಬಡಿಯುವುದು ತಪ್ಪುತ್ತದೆ. ಎಂಟು ಮಕ್ಕಳನ್ನು ನಡುಗೆರೆಯ ಮೇಲೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರಿಸಿ. ಬೆರಳ ತುದಿ ನೆಲಕ್ಕೆ ತಾಗಿರಲಿ, ಒಂದು ಪಾದ ತುಸು ಮುಂದಿರಲಿ. ಎದ್ದು ಚಿಮ್ಮುವ ಶಕ್ತಿ ಆ ಪಾದದಿಂದಲೇ ಬರುವುದು.

ಮೊದಲು ಓಡಿ ತಪ್ಪಿಸಿಕೊಳ್ಳುವವರೇ ಬೇಡ, ಬರೀ ಖೋ ಕೊಡುವುದನ್ನು ಕಲಿಸಿ. ಅಟ್ಟುವವರು ಹಿಂದಿನಿಂದ ಬಂದು ಬೆನ್ನು ಮುಟ್ಟಿ ‘ಖೋ’ ಅನ್ನಬೇಕು. ಕುಳಿತವರು ಮುಖವಿದ್ದ ಕಡೆಗೆ ಎದ್ದು ಓಡಬೇಕು, ಖೋ ಕೊಟ್ಟವರು ಆ ಜಾಗದಲ್ಲಿ ಕೂರಬೇಕು. ಹೊಸಬರು ಮುಟ್ಟುವ ಮೊದಲೇ ಕೂಗುತ್ತಾರೆ, ಕುಳಿತವರು ಕೂಗುವ ಮೊದಲೇ ಏಳುತ್ತಾರೆ. ಇದನ್ನು ತಿದ್ದಿದರೆ ಮುಕ್ಕಾಲು ಆಟ ಬಂತು.

ಆಮೇಲೆ ಮೂವರನ್ನು ಓಡಲು ಬಿಡಿ. ಅವರು ಸಾಲಿನ ನಡುವೆ ಎತ್ತ ಬೇಕಾದರೂ ನುಸುಳಬಹುದು. ಅಟ್ಟುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ತಿರುಗುವಂತಿಲ್ಲ. ಆದ್ದರಿಂದಲೇ ಇಲ್ಲಿ ಕಾಲಿಗಿಂತ ಬುದ್ಧಿ ಓಡಬೇಕು. ಮುಟ್ಟಿಸಿಕೊಂಡವರು ಹೊರಗೆ ಹೋಗದೆ ಸಾಲಿನ ತುದಿಯಲ್ಲಿ ಕೂರಲಿ, ಅಲ್ಲಿದ್ದವರು ಎದ್ದು ಓಡಲಿ. ನಲವತ್ತು ಮಕ್ಕಳಿದ್ದರೆ ಪಕ್ಕಪಕ್ಕದಲ್ಲೇ ಮೂರು ಅಂಕಣ ಹಾಕಿ.

ಹಂತ 5: ಲಗೋರಿ

ಏಳು ಚಪ್ಪಟೆ ಹೆಂಚಿನ ಚೂರು, ಅಂಚು ಉಜ್ಜಿ ನಯ ಮಾಡಿದವು. ಒಂದು ತಂಡ ಚೆಂಡೆಸೆದು ಉರುಳಿಸುತ್ತದೆ, ಮತ್ತೆ ಪೇರಿಸುವಷ್ಟರಲ್ಲಿ ಇನ್ನೊಂದು ತಂಡ ಹೊಡೆಯುತ್ತದೆ. ಬಟ್ಟೆ ಚೆಂಡೇ ಇರಲಿ, ಏಟು ಸೊಂಟದ ಕೆಳಗೆ ಮಾತ್ರ. ಏಟು ತಿಂದವರು ಹತ್ತು ಬಸ್ಕಿ ಹೊಡೆದು ಒಳಬರಲಿ.

ಮಳೆ ಹಿಡಿದ ದಿನ

ಜೂನ್, ಜುಲೈನ ಸೋನೆಯಲ್ಲಿ ಬಯಲು ಕೆಸರು. ಜಗಲಿಯಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆಯಿರಿ, ಮೂವರಿಗೊಂದು ಪಟ್ಟ. ಅದಕ್ಕಿಂತ ಹೆಚ್ಚು ಜನ ಸೇರಿದರೆ ಕುಂಟುವುದಕ್ಕಿಂತ ಕಾಯುವುದೇ ಜಾಸ್ತಿ. ಒಂದು ಸುತ್ತು ಬಲಗಾಲು, ಮುಂದಿನದು ಎಡಗಾಲು. ಎರಚಲು ಬಿದ್ದು ನೆಲ ಜಾರುತ್ತಿದ್ದರೆ ಗೋಣಿಚೀಲದಿಂದ ಒರೆಸಿ, ಮನೆಗಳನ್ನು ಜಗಲಿಯ ಅಂಚಿನಿಂದ ಎರಡು ಹೆಜ್ಜೆ ಒಳಗೇ ಬರೆಯಿರಿ.