ಜ್ವರ ಬಂತೆಂದು ಇನ್ಸುಲಿನ್ ನಿಲ್ಲಿಸಬೇಡಿ

ಮಳೆಗಾಲ ಶುರುವಾದರೆ ಸಾಕು, ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಅಮ್ಮನಿಗೆ ಮೂರು ದಿನದಿಂದ ಜ್ವರ. ಏನೂ ತಿಂದಿಲ್ಲ, ಅದಕ್ಕೇ ಇನ್ಸುಲಿನ್ ಕೊಟ್ಟಿಲ್ಲ. ಆದರೂ ಶುಗರ್ 380 ತೋರಿಸ್ತಿದೆ. ಮೀಟರ್ ಕೆಟ್ಟಿದೆಯಾ?’ ಮೀಟರ್ ಸರಿಯಾಗಿಯೇ ಇರುತ್ತದೆ. ತಿಂದರಷ್ಟೇ ಶುಗರ್ ಏರುತ್ತದೆ ಎಂಬ ನಂಬಿಕೆ ತಪ್ಪು. ಈ ಒಂದು ನಂಬಿಕೆಯಿಂದ ಮನೆಯಲ್ಲೇ ವಾಸಿಯಾಗಬಹುದಾದ ಜ್ವರ ಐಸಿಯುವರೆಗೆ ಹೋಗುತ್ತದೆ.

ಕಾರಣ ಚುಟುಕಾಗಿ ಹೀಗೆ. ಸೋಂಕು ತಗುಲಿದಾಗ ರೋಗನಿರೋಧಕ ಕಣಗಳು ಸೈಟೋಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಜ್ವರ, ಮೈಕೈ ನೋವು, ಊತ ಎಲ್ಲವೂ ಇವು ಎಬ್ಬಿಸುವ ಉರಿಯೂತದ್ದೇ ಫಲ. ಅದರ ಜೊತೆಗೇ ಕಾರ್ಟಿಸಾಲ್, ಅಡ್ರಿನಲಿನ್ ಹಾರ್ಮೋನುಗಳೂ ಏರುತ್ತವೆ. ಎಲ್ಲ ಸೇರಿ ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಹರಿಸುತ್ತವೆ. ಸ್ನಾಯುಗಳು ಇನ್ಸುಲಿನ್ ಮಾತು ಕೇಳದಂತೆ ಮಾಡುತ್ತವೆ. ಏರಿದ ಸಕ್ಕರೆಯಿಂದ ಬಿಳಿ ರಕ್ತಕಣಗಳು ಮಂಕಾಗುತ್ತವೆ, ಸೋಂಕು ಬಲಿಯುತ್ತದೆ, ಸಕ್ಕರೆ ಮತ್ತೂ ಏರುತ್ತದೆ. ಟೈಪ್ 2 ಮಧುಮೇಹ ಇದ್ದವರಲ್ಲಿ ಜ್ವರವಿಲ್ಲದಾಗಲೂ, ಅದರಲ್ಲೂ ಹೊಟ್ಟೆಯ ಕೊಬ್ಬಿನಲ್ಲಿ, ಸಣ್ಣ ಮಟ್ಟದ ಉರಿಯೂತ ನಡೆದೇ ಇರುತ್ತದೆ. ಕೊಬ್ಬಿನ ಅಂಗಾಂಶದಿಂದ ಹೊರಡುವ ಟಿಎನ್‌ಎಫ್ ಎಂಬ ಸೈಟೋಕೈನ್ ಇನ್ಸುಲಿನ್‌ಗೆ ಅಡ್ಡಿ ಮಾಡುತ್ತದೆ ಎಂಬುದನ್ನು ಅಮೆರಿಕದ ಬಾಸ್ಟನ್‌ನಲ್ಲಿ ಹೊತಾಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ಅವರ ತಂಡ 1993ರಲ್ಲಿ ಇಲಿಗಳಲ್ಲಿ ತೋರಿಸಿತು. ಟೈಪ್ 1ರ ಕಥೆ ಬೇರೆ. ಅಲ್ಲಿ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕಣಗಳನ್ನು ನಾಶಮಾಡಿರುತ್ತದೆ. ಅವರಿಗೆ ಹೊರಗಿನ ಇನ್ಸುಲಿನ್ ಬಿಟ್ಟರೆ ಗತಿಯಿಲ್ಲ.

ಈಗ ಕೆಲಸದ ಮಾತು. ಮೊದಲ ಹೆಜ್ಜೆಯನ್ನು ಆರೋಗ್ಯವಾಗಿರುವಾಗಲೇ ಇಡಬೇಕು. ಮುಂದಿನ ಸಲ ವೈದ್ಯರ ಬಳಿ ಹೋದಾಗ ನಿಮ್ಮ ಚೀಟಿಯ ಪ್ರತಿ ಔಷಧಿಯ ಮುಂದೆ ‘ಜ್ವರ, ವಾಂತಿ ಬಂದರೆ ಏನು ಮಾಡಬೇಕು’ ಎಂದು ಬರೆಸಿಕೊಳ್ಳಿ. ಅವರಿಗೆ ಎರಡೇ ನಿಮಿಷದ ಕೆಲಸ; ಕೇಳಲು ಸಂಕೋಚ ಬೇಡ. ಆ ಹಾಳೆಯನ್ನು ಫ್ರಿಜ್‌ ಬಾಗಿಲಿಗೆ ಅಂಟಿಸಿ. ಫೈಲಿನೊಳಗೆ ಹೋದ ಹಾಳೆ ರಾತ್ರಿ ಎರಡು ಗಂಟೆಗೆ ಯಾರಿಗೂ ಸಿಗುವುದಿಲ್ಲ.

ಎರಡನೆಯದು ಇನ್ಸುಲಿನ್. ಇಲ್ಲೇ ಹೆಚ್ಚಿನವರು ಎಡವುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಿನಕ್ಕೊಮ್ಮೆ ತೆಗೆದುಕೊಳ್ಳುವ ದೀರ್ಘಾವಧಿಯ ಇನ್ಸುಲಿನ್, ಅಂದರೆ ಗ್ಲಾರ್ಜಿನ್, ಡೆಗ್ಲುಡೆಕ್ ಥರದ್ದು, ಊಟಕ್ಕೆ ಸಂಬಂಧಿಸಿದ್ದಲ್ಲ. ಉಪವಾಸವಿದ್ದಾಗಲೂ ಯಕೃತ್ತು ಬಿಡುವ ಸಕ್ಕರೆಯನ್ನು ಹಿಡಿತದಲ್ಲಿಡುವುದೇ ಅದರ ಕೆಲಸ. ಜ್ವರದ ದಿನ ಯಕೃತ್ತು ಇನ್ನೂ ಹೆಚ್ಚು ಸಕ್ಕರೆ ಬಿಡುತ್ತಿರುತ್ತದೆ, ಅಂಥ ದಿನವೇ ಅದನ್ನು ನಿಲ್ಲಿಸಿದರೆ ಹೇಗೆ? ಊಟಕ್ಕೆ ಮುಂಚೆ ಹಾಕುವ ಶೀಘ್ರ ಇನ್ಸುಲಿನ್ನಿನ ಪ್ರಮಾಣ ತಿನ್ನುವುದಕ್ಕೆ ತಕ್ಕಂತೆ ಬದಲಾಗುತ್ತದೆ ನಿಜ; ಆದರೆ ಶುಗರ್ ಏರಿದ್ದರೆ ಊಟವಿಲ್ಲದಿದ್ದರೂ ಅದು ಬೇಕಾಗಬಹುದು. ನಮ್ಮಲ್ಲಿ ಬಹಳ ಮಂದಿ ಬಳಸುವುದು 30/70 ಮಿಶ್ರ ಇನ್ಸುಲಿನ್. ಇದರಲ್ಲೇ ಗೊಂದಲ ಜಾಸ್ತಿ. ಎರಡೂ ಬಗೆ ಒಂದೇ ಸಿರಿಂಜಿನಲ್ಲಿ ಇರುವುದರಿಂದ ತಿನ್ನದೆ ಪೂರ್ತಿ ಹಾಕಿದರೆ ಶುಗರ್ ಕುಸಿಯಬಹುದು, ಪೂರ್ತಿ ಬಿಟ್ಟರೆ ಏರುವುದು ಖಚಿತ. ಮೀಟರ್ ನೋಡಿ, ವೈದ್ಯರಿಗೆ ಫೋನ್ ಮಾಡಿ, ಎಷ್ಟು ಯೂನಿಟ್ ಎಂದು ಕೇಳಿ ಹಾಕಿ. ‘ಸೊನ್ನೆ’ ಎಂದು ನೀವೇ ತೀರ್ಮಾನಿಸಬೇಡಿ. ಟೈಪ್ 1 ಇರುವ ಮಕ್ಕಳ ಅಪ್ಪ ಅಮ್ಮಂದಿರಂತೂ ಇದನ್ನು ಎರಡು ಸಲ ಓದಿ. ‘ಮಗು ಒಂದೇ ಸಮ ವಾಂತಿ ಮಾಡುತ್ತಿದೆ, ಇವತ್ತು ಸೂಜಿ ಬೇಡ ಬಿಡು’ ಎಂದು ಅಜ್ಜಿ ಕನಿಕರದಿಂದ ಹೇಳುತ್ತಾರೆ. ಆ ವಾಂತಿಯೇ ಇನ್ಸುಲಿನ್ ಸಾಲದ್ದರ ಲಕ್ಷಣವಾಗಿರಬಹುದು. ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಕರಗಿಸುತ್ತದೆ, ಅದರಿಂದ ಹುಟ್ಟುವ ಕೀಟೋನ್ ತುಂಬಿ ರಕ್ತ ಆಮ್ಲೀಯವಾಗುತ್ತದೆ. ಇದು ಒಂದೇ ದಿನದಲ್ಲಿ ಪ್ರಾಣಕ್ಕೆ ಕುತ್ತು ತರುತ್ತದೆ.

ಮಾತ್ರೆಗಳ ವಿಷಯದಲ್ಲಿ ಉಲ್ಟಾ: ಕೆಲವನ್ನು ನಿಲ್ಲಿಸಲೇಬೇಕು. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ. ಊಟ ನೀರು ಸೇರದಾಗ ಇವನ್ನು ಮುಂದುವರಿಸಿದರೆ ಮೀಟರ್ 180 ತೋರಿಸುತ್ತಿದ್ದರೂ ಒಳಗೆ ಕೀಟೋನ್ ಏರಿರಬಹುದು. ಮೀಟರ್ ನಂಬಿ ಸುಮ್ಮನಿರುವವರಿಗೆ ಇದು ಮೋಸ ಮಾಡುತ್ತದೆ. ವಾಂತಿಭೇದಿಯಿಂದ ಮೈ ಒಣಗಿದ್ದರೆ ಮೆಟ್‌ಫಾರ್ಮಿನ್ ಕೂಡ ತಾತ್ಕಾಲಿಕವಾಗಿ ನಿಲ್ಲಬೇಕು. ಗ್ಲಿಮಿಪಿರೈಡ್ ಥರದ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಧಡಕ್ಕನೆ ಇಳಿಯಬಹುದು. ಅದರ ಬಗ್ಗೆ ಕೇಳಿಕೊಳ್ಳಿ.

ಮೂರನೆಯದು ಪರೀಕ್ಷೆ. ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, ರಾತ್ರಿಯೂ. ಟೈಪ್ 1 ಆದರೆ ಎರಡರಿಂದ ನಾಲ್ಕು ಗಂಟೆಗೊಮ್ಮೆ. ಕೈ ತೊಳೆದು ಒರೆಸಿಕೊಂಡೇ ಬೆರಳು ಚುಚ್ಚಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಪರೀಕ್ಷೆ ಮಾಡಿ 300 ಎಂದು ಗಾಬರಿಬಿದ್ದವರಿದ್ದಾರೆ. ಶುಗರ್ 250 ದಾಟಿದರೆ, ಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತಿದ್ದವರು ಶುಗರ್ ಎಷ್ಟೇ ಇದ್ದರೂ, ಮೂತ್ರದ ಕೀಟೋನ್ ಸ್ಟ್ರಿಪ್ ಬಳಸಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ಒಂದು ಡಬ್ಬಿ ಮನೆಯಲ್ಲಿರಲಿ. ಹೊತ್ತು, ಶುಗರ್, ಜ್ವರ, ಕುಡಿದದ್ದು, ಹಾಕಿದ ಯೂನಿಟ್, ಇಷ್ಟನ್ನು ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಬರೆಯಿರಿ. ಫೋನಿನಲ್ಲಿ ವೈದ್ಯರು ಕೇಳುವುದು ಇದನ್ನೇ.

ಕುಡಿಯುವುದು ನಾಲ್ಕನೆಯದು. ಗಂಟೆಗೊಂದು ಲೋಟದಂತೆ ನೀರು, ನೀರು ಮಜ್ಜಿಗೆ, ಸಾರಿನ ತಿಳಿ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿದ್ದರೆ ಮಾತ್ರ ವೈದ್ಯರನ್ನು ಕೇಳಿ. ಊಟ ಸೇರದಿದ್ದರೆ ತೆಳ್ಳಗಿನ ಗಂಜಿ ಸಾಕು. ‘ಗಂಜಿ ಕುಡಿದರೆ ಶುಗರ್ ಏರುತ್ತದೆ’ ಎಂದು ಜ್ವರದವರನ್ನು ಪೂರ್ತಿ ಉಪವಾಸ ಕೆಡವುವುದು ಅನ್ಯಾಯ. ಓಆರ್‌ಎಸ್‌ಗೂ ಹೆದರಬೇಡಿ: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಲೀಟರಿನಲ್ಲಿರುವ ಗ್ಲೂಕೋಸ್ 13.5 ಗ್ರಾಂ ಮಾತ್ರ. ಹೆದರಬೇಕಾದ್ದು ಬೆಲ್ಲ ಹಾಕಿ ದಿನಕ್ಕೆ ನಾಲ್ಕು ಸಲ ಕೊಡುವ ‘ಇಮ್ಯೂನಿಟಿ’ ಕಷಾಯಕ್ಕೆ. ಶುಗರ್ 70ಕ್ಕಿಂತ ಕೆಳಗಿಳಿದರೆ ಮಾತ್ರ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಇನ್ನೊಂದು ಎಚ್ಚರಿಕೆ. ‘ಒಂದೇ ಇಂಜೆಕ್ಷನ್‌ಗೆ ಜ್ವರ ಮಾಯ’ ಎನ್ನುವ ಕಡೆ, ಕವರಿನಲ್ಲಿ ಬಿಡಿ ಮಾತ್ರೆ ಕಟ್ಟಿಕೊಡುವ ಕಡೆ, ಅದರಲ್ಲಿ ಸ್ಟಿರಾಯ್ಡ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಡೆಕ್ಸಾಮೆಥಸೋನ್ ಥರದ ಸ್ಟಿರಾಯ್ಡ್ ಉರಿಯೂತವನ್ನು ಅದುಮುತ್ತದೆ, ಹಾಗಾಗಿ ಹಾಯೆನಿಸುತ್ತದೆ. ಜೊತೆಗೇ ಶುಗರ್ ಏರಿಸುತ್ತದೆ, ಸೋಂಕಿನ ವಿರುದ್ಧದ ಕಾವಲನ್ನೂ ಸಡಿಲಿಸುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ಕಾಡಿದಾಗ, ಕಣ್ಣು ದವಡೆ ಕಳೆದುಕೊಂಡವರಲ್ಲಿ ಬಹುಪಾಲು ಮಂದಿಗೆ ಹಿಡಿತ ತಪ್ಪಿದ ಸಕ್ಕರೆ ಇತ್ತು, ಹಲವರಿಗೆ ಸ್ಟಿರಾಯ್ಡ್ ಕೊಡಲಾಗಿತ್ತು. ವೈದ್ಯರು ಅಗತ್ಯವಿದ್ದು ಕೊಟ್ಟರೆ ತೆಗೆದುಕೊಳ್ಳಿ, ಆದರೆ ಶುಗರ್ ಪರೀಕ್ಷೆ ಹೆಚ್ಚಿಸಿ.

ಇಷ್ಟು ಕಂಡರೆ ಮನೆಯಲ್ಲಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ: ನಿಲ್ಲದ ವಾಂತಿ, ಹೊಟ್ಟೆನೋವು, ಆಳವಾದ ಬಿರುಸು ಉಸಿರು, ಉಸಿರಿಗೆ ಕೊಳೆತ ಹಣ್ಣಿನ ವಾಸನೆ, ಮಂಪರು. ಕೀಟೋನ್ ಮಧ್ಯಮ ಮಟ್ಟ ದಾಟಿದರೂ, ಇನ್ಸುಲಿನ್ ಹಾಕಿದ ಮೇಲೂ ಶುಗರ್ 300ರ ಮೇಲೇ ನಿಂತರೂ ಆಸ್ಪತ್ರೆಗೆ ಹೊರಡಿ.

ಉಳಿದದ್ದು ಜಾಗವಿದ್ದಷ್ಟು. ಜ್ವರವಿಲ್ಲದೆ ಶುಗರ್ ಏಕಾಏಕಿ ಏರಿದರೆ ಅಡಗಿದ ಸೋಂಕು ಹುಡುಕಿ: ಒಸಡು, ಉರಿಮೂತ್ರ, ಕಾಲ್ಬೆರಳ ಸಂದು. ಕಾಲಿಗೆ ಸ್ಪರ್ಶವಿಲ್ಲದವರಿಗೆ ಗಾಯ ನೋಯುವುದಿಲ್ಲ, ಕಣ್ಣಲ್ಲೇ ನೋಡಬೇಕು. ನಿಲ್ಲಿಸಿದ ಮಾತ್ರೆಗಳನ್ನು ಊಟ ನೀರು ಒಂದೆರಡು ದಿನ ಸರಿಯಾಗಿ ಸೇರಿದ ಮೇಲೆ, ವೈದ್ಯರಿಗೆ ತಿಳಿಸಿ ಮತ್ತೆ ಶುರುಮಾಡಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ನ್ಯುಮೋನಿಯಾದ ನ್ಯುಮೋಕಾಕಲ್ ಲಸಿಕೆ ಹಾಕಿಸಿಲ್ಲದಿದ್ದರೆ ಅದನ್ನೂ ಈ ಸಲವೇ ಕೇಳಿ.